ಗಾಳಿಗೆ ಹೊಲಿಯುತ್ತಿದ್ದ ಯಂತ್ರ

ಬಹಳ ಹಿಂದೇನಲ್ಲ, ಮೊನ್ನೆ ಮೊನ್ನೆಯಷ್ಟೇ, ಒಂದು ಬೀದಿಯಲ್ಲಿ ಒಂದು ಮಾಯದ ಹೊಲಿಗೆ ಯಂತ್ರವಿತ್ತಂತೆ. ಬೆಳಗಿನಿಂದ ಸಂಜೆಯವರೆಗೆ ಟಕಟಕ ಅನ್ನುತ್ತಿತ್ತಂತೆ. ಆದರೆ ಅದರಿಂದ ಒಂದು ಅಂಗಿಯೂ ಹೊರಗೆ ಬರುತ್ತಿರಲಿಲ್ಲವಂತೆ.

ಅಜ್ಜಿಯ ಕಥೆಯಾಗಿದ್ದರೆ ಅದರೊಳಗೊಬ್ಬ ರಾಕ್ಷಸ ಅಡಗಿ ಕೂತಿರುತ್ತಿದ್ದ. ಇಲ್ಲಿ ಅಡಗಿ ಕೂತದ್ದು ನಾಚಿಕೆ.

ಯಂತ್ರ ಸೂಜಿಯಕ್ಕನದು. ಬೀದಿಯವರು ಅವಳನ್ನು ಕರೆಯುತ್ತಿದ್ದದ್ದೇ ಹಾಗೆ. ಅವಳ ಗಂಡ ಮನೆಗಳಿಗೆ ಬಣ್ಣ ಬಳಿಯುವವನು. ಏಣಿಯಿಂದ ಬಿದ್ದು ಕಾಲು ಮುರಿದುಕೊಂಡು ಎರಡು ತಿಂಗಳಾಗಿತ್ತು. ಕೂಡಿಟ್ಟದ್ದೆಲ್ಲ ಆ ಕಾಲಿಗೇ ಹೋಯಿತು. ಅದೇ ಹೊತ್ತಿಗೆ ಸೂಜಿಯಕ್ಕನಿಗೆ ಹತ್ತಿರದ್ದೆಲ್ಲ ಮಂಜಾಗತೊಡಗಿತು. ದಾರ ಪೋಣಿಸಲು ಹೋದರೆ ಒಂದು ಸೂಜಿ ಎರಡಾಗಿ ಕಾಣುತ್ತಿತ್ತು. ಒಂದು ಅಂಗಿಗೆ ತೋಳನ್ನು ತಿರುಗಾಮುರುಗಾ ಕೂಡಿಸಿ, ಬಿಚ್ಚಿ, ಮತ್ತೆ ಹಾಗೇ ಕೂಡಿಸಿದ ದಿನ ಹೆದರಿಬಿಟ್ಟಳು. ಕನ್ನಡಕ ಕೊಳ್ಳುವ ಶಕ್ತಿಯಿಲ್ಲ. ಕಣ್ಣು ಮಂಜೆಂದು ಗೊತ್ತಾದರೆ ನಾಳೆಯಿಂದ ಬಟ್ಟೆ ಕೊಡುವವರು ಯಾರು?

ಬಂದವರಿಗೆಲ್ಲ "ಕೈತುಂಬ ಕೆಲಸ ಇದೆ, ಮುಂದಿನ ತಿಂಗಳು ಬನ್ನಿ" ಎಂದಳು. ಮಾತು ನಿಜ ಅನ್ನಿಸಲೆಂದು, ದಾರವಿಲ್ಲದೆ ಬಟ್ಟೆಯಿಲ್ಲದೆ ಯಂತ್ರ ತುಳಿಯುತ್ತ ಕೂತಳು.

ಪಕ್ಕದಲ್ಲೇ ಸೈಕಲ್ ರಿಪೇರಿ ಅಂಗಡಿ. ಅದನ್ನು ನಡೆಸುವವಳು ಪಂಕ್ಚರಕ್ಕ. ಒಂದು ಬೆಳಿಗ್ಗೆ ಗ್ರೀಸಿನ ಕೈಯಲ್ಲೇ ಒಳಗೆ ನುಗ್ಗಿದಳು.

"ಏನೇ ಸೂಜಿ, ನನ್ನ ಏಪ್ರನ್ ಏನಾಯ್ತೇ? ನಾಲ್ಕು ಜೇಬು, ಒಂದರಲ್ಲಿ ದೊಡ್ಡ ಸ್ಪ್ಯಾನರ್ ಹಿಡಿಸ್ಬೇಕು ಅಂತ ಅಳತೆ ಕೊಟ್ಟು ಯಾವ ಕಾಲ ಆಯ್ತು!"

"ಬಿಡುವಿಲ್ಲ ಕಣಕ್ಕ. ಕೇಳಿಸಲ್ವಾ, ಬೆಳಗ್ಗೆಯಿಂದ ತುಳೀತಾನೇ ಇದೀನಿ."

"ಕೇಳಿಸ್ತಿದೆ, ಅದಕ್ಕೇ ಬಂದೆ. ಚೈನು ಕಳಚಿದ ಪೆಡಲ್ ಹೇಗೆ ಸದ್ದು ಮಾಡುತ್ತೆ ಅಂತ ನಂಗೆ ಗೊತ್ತಿಲ್ವಾ? ಬಟ್ಟೆ ಕಚ್ಚಿದ ಯಂತ್ರ ಇಷ್ಟು ಹಗುರವಾಗಿ ಹಾಡಲ್ಲ. ಕಸದ ಬುಟ್ಟೀಲಿ ಒಂದು ಚಿಂದಿನೂ ಇಲ್ಲ. ಯಾರಿಗೆ ಹೊಲೀತಿದೀಯ, ಗಾಳಿಗಾ?"

ಸೂಜಿಯಕ್ಕನ ಕಾಲು ನಿಂತಿತು.

"ಅಕ್ಕ, ನಮ್ಮ ಮನೆ ವಿಷಯ ನಾವು ನೋಡ್ಕೋತೀವಿ," ಎಂದ ಗಂಡ ಒಳಗಿನಿಂದ.

"ನೀನು ಮೊದಲು ಕಾಲು ನೋಡ್ಕೊಳ್ಳಪ್ಪ."

ಸೂಜಿಯಕ್ಕ ಎಲ್ಲ ಹೇಳಿಕೊಂಡಳು. ಹೇಳುತ್ತ ಹೇಳುತ್ತ ಅತ್ತಳು.

"ನಮ್ಮ ಹೆಂಗಸರ ಸಂಘದಲ್ಲಿ ಕಷ್ಟನಿಧಿ ಇದೆಯಲ್ಲೇ, ಕಷ್ಟ ಬಂದೋರಿಗೆ ಅಂತ ನಾವೇ ಕೂಡಿಟ್ಟ ದುಡ್ಡು, ಯಾಕೆ ಕೇಳಲಿಲ್ಲ?"

"ಅದು ನಿಜವಾಗ್ಲೂ ಕಷ್ಟದಲ್ಲಿರೋರಿಗೆ ಅಕ್ಕ."

"ಅಂಥೋರು ಹೇಗಿರ್ತಾರೆ? ತಲೆ ಮೇಲೆ ಕೊಂಬಿರುತ್ತಾ?"

ಅಳುವಿನ ನಡುವೆಯೇ ಸೂಜಿಯಕ್ಕನಿಗೆ ನಗು ಬಂತು. "ಇಷ್ಟು ವರ್ಷ ಕೊಟ್ಟ ಕೈ ಅಕ್ಕ ಇದು, ಚಾಚೋದು ಹೇಗೆ? ನಲ್ಲಿ ಹತ್ರ ನಾಲ್ಕು ಜನ ಆಡ್ಕೊಂಡ್ರೆ?"

"ಹೋದ ವರ್ಷ ನನ್ನ ಬೆರಳು ಚೈನಿಗೆ ಸಿಕ್ಕಿದಾಗ ಹದಿನೈದು ದಿನ ನನ್ನ ಪಾತ್ರೆ ತೊಳೆದೋಳು ಯಾರು?"

"ನಾನು."

"ಆಗ ನನ್ನ ಬಗ್ಗೆ ಕೀಳಾಗಿ ಅಂದ್ಕೊಂಡ್ಯಾ?"

"ಛೆ! ಯಾಕೆ ಅಂದ್ಕೊಳ್ಲಿ?"

"ಮತ್ತೆ ನಾನು ಅಂದ್ಕೋತೀನಿ ಅಂತ ಹೇಗೆ ತೀರ್ಮಾನ ಮಾಡಿದೆ? ಈ ಬೀದೀಲಿ ನೀನೊಬ್ಬಳೇ ಒಳ್ಳೆಯವಳಾ?"

ಸೂಜಿಯಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪಂಕ್ಚರಕ್ಕ ಬಿಡಲಿಲ್ಲ.

"ಗಾಳಿ ಹೋದವರು ಬೀದಿ ತುದಿಯಿಂದಲೇ 'ಅಕ್ಕಾ ಪಂಕ್ಚರ್' ಅಂತ ಕೂಗ್ತಾ ಬರ್ತಾರೆ. ಒಬ್ಬರೂ ನಾಚಿಕೊಂಡಿದ್ದು ನಾ ನೋಡಿಲ್ಲ. ನಾಚಿಕೊಂಡು ಹಾಗೇ ತುಳಿದರೆ ಟ್ಯೂಬಿನ ಜೊತೆ ಟೈರೂ ಹೋಗುತ್ತೆ. ನೀನು ಮಾಡ್ತಿರೋದು ಅದೇ. ದಿನವಿಡೀ ಸದ್ದು ಕೇಳಿ, ನಿನಗೆ ಪುರಸೊತ್ತಿಲ್ಲ ಅಂತ ಜನ ಪಕ್ಕದ ಬೀದಿಗೆ ಬಟ್ಟೆ ಒಯ್ತಿದಾರೆ."

"ಸಂಘದಲ್ಲಿ ಎಲ್ಲರೆದುರು ಹೇಳಬೇಕಲ್ಲ ಅಕ್ಕ?" ಗಂಡನ ದನಿ ಈಗ ಮೆತ್ತಗಾಗಿತ್ತು.

"ಬೇಡಪ್ಪ. ಅಧ್ಯಕ್ಷೆ ಒಬ್ಬಳಿಗೆ ಹೇಳಿದ್ರೆ ಸಾಕು, ಬಾಗಿಲು ಹಾಕ್ಕೊಂಡು ಕೇಳ್ತಾಳೆ. ಇನ್ನು ಕಣ್ಣು. ಆರೋಗ್ಯ ಕೇಂದ್ರದಲ್ಲಿ ನೋಡ್ತಾರೆ, ಕನ್ನಡಕಾನೂ ಕೊಡ್ತಾರೆ, ದುಡ್ಡು ಕೇಳಲ್ಲ. ಇದು ಅಲ್ಲಿಂದಲೇ ತಂದಿದ್ದು," ಎಂದು ಪಂಕ್ಚರಕ್ಕ ತಲೆಯ ಮೇಲೇರಿಸಿದ್ದ ಕನ್ನಡಕ ತಟ್ಟಿದಳು.

"ಅಯ್ಯೋ, ಕೊಂಡಿದ್ದು ಅಂದ್ಕೊಂಡಿದ್ದೆ! ನೀನು ಹೇಳಲೇ ಇಲ್ಲ!"

"ನೀನು ಕೇಳಲೇ ಇಲ್ಲ!"

ಗಂಡ ಕೋಲೂರಿಕೊಂಡು ಬಾಗಿಲಿಗೆ ಬಂದ. "ಹೋಗಿ ಬಾರೇ. ನಾನು ಈ ಕೋಲಿಗೆ ನಾಚಿಕೊಂಡಿದ್ದರೆ ಇನ್ನೂ ಮಂಚದಲ್ಲೇ ಬಿದ್ದಿರ್ತಿದ್ದೆ."

ಮರುದಿನ ಇಬ್ಬರೂ ಆರೋಗ್ಯ ಕೇಂದ್ರಕ್ಕೆ ಹೋದರು. ನರ್ಸಮ್ಮ ಪರೀಕ್ಷೆ ಮಾಡಿ, "ನಲವತ್ತು ದಾಟಿದ ಮೇಲೆ ಇದು ಸಹಜ ಕಣಮ್ಮ. ಇಷ್ಟು ದಿನ ಏನ್ ಮಾಡ್ತಿದ್ರಿ?" ಎಂದು ಕೇಳಿದಳು.

"ಗಾಳಿಗೆ ಅಂಗಿ ಹೊಲೀತಿದ್ಲು," ಎಂದಳು ಪಂಕ್ಚರಕ್ಕ. ನರ್ಸಮ್ಮನಿಗೆ ಏನೂ ಅರ್ಥವಾಗಲಿಲ್ಲ. ಸೂಜಿಯಕ್ಕ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಬರುವ ದಾರಿಯಲ್ಲಿ ಸೂಜಿಯಕ್ಕ ಸಂಘದ ಅಧ್ಯಕ್ಷೆಗೂ ಹೇಳಿಕೊಂಡಳು. ಗಂಡ ಮತ್ತೆ ಏಣಿ ಹತ್ತುವವರೆಗೆ ಮನೆಸಾಮಾನಿಗೆ ಸಂಘ ನೆರವಾಯಿತು. ನಲ್ಲಿಯ ಹತ್ತಿರ ಯಾರೂ ಆಡಿಕೊಳ್ಳಲಿಲ್ಲ. ಒಬ್ಬಳು ಮಾತ್ರ ಮೆಲ್ಲಗೆ ಬಂದು, "ನಂಗೂ ಆ ಕೇಂದ್ರದ ದಾರಿ ಹೇಳ್ತೀಯಾ?" ಎಂದಳು.

ಪರೀಕ್ಷೆಯಾಗಿ ವಾರ ಕಳೆದ ಮೇಲೆ ಕನ್ನಡಕ ಬಂತು. ದಾರ ಒಂದೇ ಸಲಕ್ಕೆ ಸೂಜಿಯೊಳಗೆ ಹೋಯಿತು. ಅವಳು ದಪ್ಪ ಬಟ್ಟೆಯನ್ನು ಸೂಜಿಯ ಕೆಳಗಿಟ್ಟು ತುಳಿದಳು. ಸದ್ದು ಭಾರವಾಯಿತು. ಪಕ್ಕದ ಅಂಗಡಿಯಲ್ಲಿ ಒಂದು ತಲೆ ಮೇಲೆದ್ದಿತು.

ಅವಳು ಹೊಲಿದು ಮುಗಿಸುವಷ್ಟರಲ್ಲಿ ನಿಮಗೊಂದು ಮಾತು. ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಯಾವುದೋ ಯಂತ್ರ ಬರಿದೇ ಸದ್ದು ಮಾಡುತ್ತಿದೆಯೇ? ನಿಲ್ಲಿಸಿ. ನಂಬಿಕೆಯಿರುವ ಒಬ್ಬರಿಗೆ ಹೇಳಿ. ಸಂಘದ ಬಾಗಿಲು, ಆರೋಗ್ಯ ಕೇಂದ್ರದ ಬಾಗಿಲು ಇರುವುದು ನಿಮಗಾಗಿಯೇ. ಪಕ್ಕದ ಮನೆಯ ಸದ್ದು ಯಾಕೋ ಹಗುರವಾಗಿ ಕೇಳಿಸಿದರೆ, ಅವರು ಕೇಳಲಿ ಎಂದು ಕಾಯಬೇಡಿ. ನೀವೇ ಒಳಗೆ ಹೋಗಿ.

ಅಗೋ, ಯಂತ್ರ ನಿಂತಿತು. ಸೂಜಿಯಕ್ಕ ಹಲ್ಲಿನಿಂದ ದಾರ ಕಡಿದು ಏಪ್ರನ್ನನ್ನು ಪಕ್ಕದಂಗಡಿಗೆ ಒಯ್ದಳು. ಪಂಕ್ಚರಕ್ಕ ತೊಟ್ಟುಕೊಂಡು, ದೊಡ್ಡ ಸ್ಪ್ಯಾನರನ್ನು ನಾಲ್ಕನೆಯ ಜೇಬಿಗಿಳಿಸಿದಳು. ಸರಿಯಾಗಿ ಹಿಡಿಸಿತು.