ಬೆಂಕಿಯ ಕಡೆಗೆ ಬೆನ್ನು

ನಾನು ಒಂದು ಕಿತ್ತಳೆ ಬಣ್ಣದ ಜಾಕೆಟ್ಟು. ನನಗೆ ತೋಳುಗಳಿಲ್ಲ. ಎದೆಯ ಮೇಲೆ ಹೊಳೆಯುವ ಪಟ್ಟಿ, ಬೆನ್ನ ಮೇಲೆ ‘ಅಗ್ನಿ ಸ್ವಯಂಸೇವಕರು’ ಎಂಬ ದೊಡ್ಡ ಅಕ್ಷರಗಳು. ನನ್ನನ್ನು ಹೊಲಿದವರ ಮುಖ ನೆನಪಿಲ್ಲ; ಯಂತ್ರದ ಸದ್ದು ನಿಂತಾಗಿನ ಮೌನ ನೆನಪಿದೆ.

ಗದಗಿನಲ್ಲಿ ನನ್ನನ್ನು ಮೊದಲು ತೊಟ್ಟವನು ಕೇಬಲ್ ಟೀವಿಯ ವಿರೂಪಾಕ್ಷ. ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ ಊರ ಜನರಿಗೆ ತರಬೇತಿ ನಡೆಯುತ್ತಿತ್ತು. ಪೈಪು ಬಿಚ್ಚುವುದು, ಗಾಯಾಳುವನ್ನು ಎತ್ತುವುದು ಎಲ್ಲ ಕಲಿಸಿದ ಮೇಲೆ ಠಾಣಾಧಿಕಾರಿ ಹೇಳಿದರು: “ಬೆಂಕಿ ನಮಗ ಬಿಡ್ರಿ. ನೀವು ದಾರಿ ಕಾಯ್ರಿ. ಬೆನ್ನು ಬೆಂಕಿ ಕಡೆ, ಮುಖ ಮಂದಿ ಕಡೆ. ನೀವು ತಿರುಗಿ ನೋಡಿದ್ರೆಂದ್ರ ಮಂದಿ ನುಗ್ಗತಾರ, ನಮ್ಮ ಗಾಡಿ ಒಳಗ ಬರಂಗಿಲ್ಲ.”

“ಬೆಂಕಿ ನೋಡಾಕೂ ಇಲ್ಲಂದ್ರ ಇದೆಂಥಾ ಬೆಂಕಿ ಕೆಲಸರೀ?” ಎಂದು ವಿರೂಪಾಕ್ಷ ನಕ್ಕ. ನನ್ನನ್ನು ತೊಟ್ಟು ಫೋಟೊ ತೆಗೆಸಿಕೊಂಡ. ಮರುವಾರ ಬರಲೇ ಇಲ್ಲ.

ಆಮೇಲೆ ನಾನು ಅದೇ ತರಬೇತಿಗೆ ಬರುತ್ತಿದ್ದ ಸಾವಂತ್ರವ್ವನ ಪಾಲಾದೆ. ಆಕೆಯೂ ಅಕ್ಕ ನೀಲವ್ವನೂ ಬಟ್ಟೆ ಬಜಾರಿನ ಇಕ್ಕಟ್ಟು ಓಣಿಯಲ್ಲಿ ಹಳೆ ಬಟ್ಟೆಯ ತುಂಡು ಸೇರಿಸಿ ಕೌದಿ ಹೊಲಿಯುವವರು. ಕೆಳಗೆ ಅಂಗಡಿ, ಮೇಲೆ ವಾಸ. ನೀಲವ್ವನಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಅವರ ಮಾತೆಲ್ಲ ಕೈಗಳಲ್ಲಿ, ಮುಖದಲ್ಲಿ. ಗೂಟಕ್ಕೆ ನೇತುಬಿದ್ದು ನಾನು ನೋಡುತ್ತಿದ್ದೆ. ಜಗಳವಾಡಿದರೂ ಬಳೆಯ ಸದ್ದಷ್ಟೇ.

ಒಂದು ಮಧ್ಯಾಹ್ನ ಪಕ್ಕದ ಹತ್ತಿ ಗೋದಾಮಿಗೆ ಬೆಂಕಿ ಬಿತ್ತು. ಸಾವಂತ್ರವ್ವ ಅಭ್ಯಾಸಕ್ಕೆಂದು ಠಾಣೆಯಲ್ಲಿದ್ದಳು. ಮೊದಲ ಗಾಡಿಯ ಜೊತೆ ಬರುವಷ್ಟರಲ್ಲಿ ಹೊಗೆ ಅವರ ಮನೆಯ ಮೆಟ್ಟಿಲನ್ನು ನುಂಗಿತ್ತು. ಓಣಿಯ ತುಂಬ ಜನ, ಮೇಲೆತ್ತಿದ ಮೊಬೈಲುಗಳು.

“ಸಾಹೇಬ್ರ, ಆ ನೀಲಿ ಕಿಟಕಿ ಒಳಗ ನಮ್ಮಕ್ಕ ಅದಾಳ. ಒದರಿದ್ರ ಕೇಳಂಗಿಲ್ಲ, ಕೈಸನ್ನಿ ಮಾಡ್ರಿ.”

“ಏಣಿ ಗಾಡಿ ಬರಾಕತ್ತೈತಿ. ದಾರಿ ಬೇಕು, ಯವ್ವಾ,” ಎಂದರು ಠಾಣಾಧಿಕಾರಿ.

ಸಾವಂತ್ರವ್ವ ಓಣಿಯ ಬಾಯಿಗೆ ಹೋಗಿ ನಿಂತಳು. ಬೆನ್ನು ಬೆಂಕಿಯ ಕಡೆಗೆ.

“ಹಿಂದ ಸರೀರಿ! ಏ ಅಣ್ಣಾ, ಬೈಕ್ ತಗಿ!”

“ತನ್ನ ಅಂಗಡಿನ ಸುಡಾಕತ್ತೈತಿ, ಇಲ್ಲಿ ಪೊಲೀಸಗಿರಿ ನಡಸ್ಯಾಳ ನೋಡ್ರಿ,” ಎಂದನೊಬ್ಬ, ಮೊಬೈಲು ಇಳಿಸದೆ. ಮರುಕ್ಷಣ ಅವನೇ ಕೂಗಿದ: “ಏ ಯಕ್ಕಾ, ನಿಮ್ಮಕ್ಕ ಕಿಟಕ್ಯಾಗ ಬಂದಾಳ!”

ನಾನು ನೋಡಿದೆ. ನೀಲವ್ವ ಎರಡೂ ಕೈಯೆತ್ತಿ ತಂಗಿಯನ್ನು ಕರೆದಳು. ಮತ್ತೆ ಕರೆದಳು. ತಂಗಿ ತಿರುಗಲಿಲ್ಲ. ಅಕ್ಕನಿಗೆ ಕಂಡದ್ದು ನನ್ನ ಅಕ್ಷರಗಳು ಮಾತ್ರ. ಒಂದು ಕೈಯಿಂದ ಜನರನ್ನು ತಡೆಯುತ್ತ, ಇನ್ನೊಂದರಲ್ಲಿ ಸಾವಂತ್ರವ್ವ ನನ್ನ ಮುಂದಿನ ಅಂಚನ್ನು ಹಿಡಿದಿದ್ದಳು. ಹೊಲಿಗೆ ಬಿಟ್ಟಿತು, ಬಟ್ಟೆ ಹರಿಯಿತು, ಮುಷ್ಟಿ ಸಡಿಲಲಿಲ್ಲ.

ಏಣಿ ಗಾಡಿ ಒಳಗೆ ಬಂತು. ನೀಲವ್ವ ಜೀವಂತ ಇಳಿದಳು. ತಂಗಿ ಕೈ ಚಾಚಿ ಓಡಿದಳು. ನೀಲವ್ವ ಅವಳಿಗೆ ಬೆನ್ನು ತಿರುಗಿಸಿದಳು.

ಬೇರೆ ಓಣಿಯಲ್ಲಿ ಅಂಗಡಿ ಹಾಕಿದರು. ಒಂದೇ ಕೌದಿಯ ಎರಡು ಅಂಚಿನಲ್ಲಿ ಕೂತು ಹೊಲಿಯುವರು. ತಂಗಿ ಕೈಯಾಡಿಸಿ ಏನೋ ಹೇಳಹೊರಟಾಗಲೆಲ್ಲ ಅಕ್ಕ ಮುಖ ತಿರುಗಿಸುವಳು. ಮಾತು ಅಲ್ಲಿಗೆ ಮುಗಿಯುವುದು. ಸಾವಂತ್ರವ್ವನಿಗೆ ಹೊಸ ಜಾಕೆಟ್ಟು ಬಂತು. ಕಿಡಿ ಬಿದ್ದು ತೂತಾದ ನಾನು ಚಿಂದಿಯ ಗಂಟು ಸೇರಿದೆ. ಆ ಕಿಟಕಿಯನ್ನೂ ಈ ಮುಷ್ಟಿಯನ್ನೂ ಎರಡನ್ನೂ ಒಟ್ಟಿಗೆ ಕಂಡದ್ದು ನಾನು ಮಾತ್ರ. ಹೇಳಲು ಬಾಯಿಲ್ಲ. ಆ ಮನೆಯಲ್ಲಿ ಬಾಯಿದ್ದರೂ ಉಪಯೋಗವಿರಲಿಲ್ಲ, ತೋಳು ಬೇಕಿತ್ತು.

ವರ್ಷಗಳ ಮೇಲೆ ನೀಲವ್ವ ಆ ಗಂಟು ಬಿಚ್ಚಿದಳು. ಸುಟ್ಟ ತೂತುಗಳ ಮೇಲೆ ಅವಳ ಬೆರಳು ಸುಮ್ಮನೆ ಹಾದುಹೋಯಿತು. ಮುಂದಿನ ಅಂಚಿನಲ್ಲಿ ನಿಂತಿತು. ಇದು ಸುಟ್ಟದ್ದಲ್ಲ, ಮೊಳೆಗೆ ಸಿಕ್ಕದ್ದೂ ಅಲ್ಲ. ಬಟ್ಟೆಯೊಡನೆ ಬದುಕಿದವಳಿಗೆ ಅದು ತಿಳಿಯದೆ? ಹರಿದಲ್ಲಿ ತನ್ನ ಬೆರಳುಗಳನ್ನು ಒಂದೊಂದಾಗಿ ಇಟ್ಟು ಮುಷ್ಟಿ ಹಿಡಿದಳು.

ಈಗ ನಾನು ಒಂದು ಕೌದಿಯ ನಡುವಿನ ತುಂಡು. ಅಕ್ಷರಗಳನ್ನು ನೀಲವ್ವ ಒಳಪದರಕ್ಕೆ ಮಡಿಚಿದಳು. ತೂತುಗಳಿಗೆಲ್ಲ ತೇಪೆ ಹಾಕಿದಳು. ಆ ಹರಿದ ಅಂಚನ್ನು ಮಾತ್ರ ಮೇಲಿಟ್ಟು ಹಾಗೆಯೇ ಬಿಟ್ಟಳು. ಮಾರಲಿಲ್ಲ. ತಂಗಿ ಕೂರುವ ಮೂಲೆಯಲ್ಲಿ ಹಾಸಿದಳು. ಸಾವಂತ್ರವ್ವ ಬಂದು ನೋಡಿ ನಿಂತೇಬಿಟ್ಟಳು. ಅಕ್ಕ ಸೂಜಿ ಕೆಳಗಿಟ್ಟು, ಅವಳ ಮುಖ ನೋಡಿ, ಕೌದಿಯ ಕಡೆ ತೋರಿ ಕೈಯಿಂದ ‘ಕೂಡು’ ಎಂದಳು.

ಅದಕ್ಕಿಂತ ಹೆಚ್ಚಿನ ಮಾತು ಆಮೇಲೂ ಬೆಳೆಯಲಿಲ್ಲ. ಸಾವಂತ್ರವ್ವ ದಿನವೂ ಇಲ್ಲಿ ಕೂತು ಹೊಲಿಯುತ್ತಾಳೆ. ದಾರ ಮುಗಿದು ಕೈ ಬಿಡುವಾದಾಗ ಅವಳ ಬೆರಳುಗಳು ತಾವಾಗಿಯೇ ಆ ಹರಿದಲ್ಲಿಗೆ ಬರುತ್ತವೆ. ಎದುರಿಗೆ ಕೂತ ನೀಲವ್ವ ಅದನ್ನು ನೋಡುತ್ತಾಳೆ. ಮುಖ ತಿರುಗಿಸುವುದಿಲ್ಲ.