ಜಾನ್ ಪಾಷಾನ ಬಂಡಿ ಹಾಡು

ವೆಂಕಟರಮಣಪ್ಪನ ಬ್ಯಾಂಡ್ ಸೆಟ್ಟಿಗೆ ಮುಳಬಾಗಿಲು ಸುತ್ತಮುತ್ತ ಹೆಸರು ಬಂದದ್ದು ಜಾನ್ ಪಾಷಾನ ಕ್ಲಾರಿನೆಟ್ಟಿನಿಂದ. ಜಾನ್ ಪಾಷಾನಿಗೆ ಹೆಸರು ಬಂದದ್ದು ಒಂದೇ ಒಂದು ಹಾಡಿನಿಂದ. ಯಾವುದೋ ಹಳೆಯ ತೆಲುಗು ಸಿನಿಮಾದ್ದು. ಟೆಂಟಿನಲ್ಲಿ ಮೂರು ದಿನ ಓಡಿ ಮಾಯವಾದ ಸಿನಿಮಾ. ಅದರ ಕಥೆ ಯಾರಿಗೂ ನೆನಪಿರಲಿಲ್ಲ. ಹೊತ್ತು ಮುಳುಗುವ ಮುಂಚೆ ಊರು ಸೇರಬೇಕೆಂದು ಗಾಡಿಯವನೊಬ್ಬ ಎತ್ತುಗಳ ಜೊತೆ ಮಾತಾಡಿಕೊಂಡು ಹೋಗುವ ಹಾಡು ಮಾತ್ರ ಉಳಿದುಕೊಂಡಿತ್ತು. ಸೆಟ್ಟಿನವರು ಅದನ್ನು ಬಂಡಿ ಹಾಡು ಎನ್ನುತ್ತಿದ್ದರು. ಜಾನ್ ಪಾಷಾ ಅದನ್ನು ಎತ್ತಿಕೊಂಡರೆ ಮೆರವಣಿಗೆಯ ಮುಂದೆ ಕುಣಿಯುತ್ತಿದ್ದವರೂ ಕುಣಿತ ಬಿಟ್ಟು ಸುಮ್ಮನೆ ನಡೆಯುತ್ತಿದ್ದರು.

ಅಪ್ಪ ಅಮ್ಮ ಇಬ್ಬರೂ ಬೇಗ ತೀರಿಕೊಂಡಿದ್ದರಿಂದ ತಮ್ಮ ಓಬೇದುಲ್ಲಾನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವರು ಜಾನ್ ಪಾಷಾ ಮತ್ತು ಅವನ ಹೆಂಡತಿ ಬಷೀರಾ. ಅಣ್ಣ ತಮ್ಮನಿಗೆ ಕ್ಲಾರಿನೆಟ್ ಹೇಳಿಕೊಟ್ಟ. ಎಪ್ಪತ್ತೆರಡನೇ ಇಸವಿಯಲ್ಲಿ ಅಣ್ಣನ ಎದೆಗೆ ಕ್ಷಯ ಹತ್ತಿಕೊಂಡಿತು. ಇನ್ನು ಊದಿದರೆ ರಕ್ತ ಬರುತ್ತದೆ ಎಂದರು ಡಾಕ್ಟರು. ಅಂದು ಸಂಜೆಯೇ ಅವನು ಕ್ಲಾರಿನೆಟ್ ಒರೆಸಿ ತಮ್ಮನ ಕೈಯಲ್ಲಿಟ್ಟ. ಆಮೇಲೆ ಮಲಗಿದ ಕಡೆಯಿಂದಲೇ ಪಾಠ ಹೇಳುತ್ತಿದ್ದ. ಐದು ವರ್ಷದ ಮಗಳು ಮೆಹರ್ ಬಾನು ಅಪ್ಪನ ಕಾಲ ಬಳಿ ಕೂತು ಕೇಳುತ್ತಿದ್ದಳು.

ಮಾರನೇ ವರ್ಷ ಮಾವಿನ ಕಾಲದಲ್ಲಿ ಶ್ರೀನಿವಾಸಪುರದಲ್ಲೊಂದು ಮದುವೆ ಬಂತು. ಹುಡುಗಿಯ ಕಡೆಯವರು ತೋಟವಂತರು, ದೊಡ್ಡ ಚಪ್ಪರ. ಹಿಂದಿನ ದಿನವೇ ಹೊರಡಬೇಕು. ಅಣ್ಣನ ಉಸಿರು ಎರಡು ದಿನದಿಂದ ಸರಿಯಿರಲಿಲ್ಲ. ಓಬೇದುಲ್ಲಾ ಬಾಗಿಲಲ್ಲಿ ನಿಂತು ಅನುಮಾನಿಸಿದ.

"ಹೋಗೋ, ಹೋಗು. ಒಪ್ಕೊಂಡ ಮದುವೆ ಬಿಡಬಾರದು," ಎಂದ ಜಾನ್ ಪಾಷಾ. "ಬಂಡಿ ಹಾಡಿನಲ್ಲಿ ಆತುರ ಬೀಳಬೇಡ. ಎತ್ತು ನಡೆದಷ್ಟೇ ನಡಿ."

"ಹೌ ಭಾಯ್," ಎಂದು ಒಪ್ಪಿ ಓಬೇದುಲ್ಲಾ ಬಸ್ಸು ಹತ್ತಿದ.

ಮದುವೆಯ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಗಂಡನ್ನು ಚಪ್ಪರಕ್ಕೆ ಕರೆತರುವ ಸಡಗರ. ಸೆಟ್ಟಿನ ಯಜಮಾನ ವೆಂಕಟರಮಣಪ್ಪ ಎಲ್ಲಿಗೋ ಹೋಗಿ ಬಂದವನು ಓಬೇದುಲ್ಲಾನ ಹೆಗಲ ಮೇಲೆ ಕೈಯಿಟ್ಟ. ಅಷ್ಟು ದಿನದಲ್ಲಿ ಅವನು ಹಾಗೆ ಕೈಯಿಟ್ಟದ್ದೇ ಇಲ್ಲ.

"ನಿಮ್ಮಣ್ಣನ ಹಾಡು ಊದಪ್ಪ," ಎಂದ.

ಓಬೇದುಲ್ಲಾ ಊದಿದ. ಅಂದು ಅದು ಹೇಗೋ ಒಲಿಯಿತು. ಮುಹೂರ್ತ ಮುಗಿದು ಗಂಡುಹೆಣ್ಣನ್ನು ಆಂಜನೇಯನ ಗುಡಿಗೆ ಕರೆದುಕೊಂಡು ಹೋಗುವಾಗ ಜನ ಮತ್ತೆ ಅದನ್ನೇ ಕೇಳಿದರು. ವಾಪಸು ಬರುವಾಗ ಮೂರನೇ ಸಲ. ಪಕ್ಕದಲ್ಲಿ ನಡೆಯುತ್ತಿದ್ದ ವೆಂಕಟರಮಣಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡದ್ದನ್ನು ಓಬೇದುಲ್ಲಾ ನೋಡಿದ. ತನ್ನ ಕೈಚಳಕಕ್ಕೆ ಯಜಮಾನ ಅಳುತ್ತಿದ್ದಾನೆಂದು ಅವನಿಗೆ ಎದೆಯುಬ್ಬಿತು. ಊರಿಗೆ ಹೋದ ಕೂಡಲೇ ಅಣ್ಣನಿಗೆ ಇದನ್ನು ಹೇಳಬೇಕೆಂದುಕೊಂಡ.

ವಾದ್ಯಗಳನ್ನು ಚೀಲಕ್ಕೆ ಹಾಕಿದ ಮೇಲೆ, ನಾಲ್ಕು ಗಂಟೆಗೆ, ವೆಂಕಟರಮಣಪ್ಪ ನೆಲ ನೋಡುತ್ತಾ ಹೇಳಿದ. "ನೀನು ಮೊದಲು ಹೊರಡು. ನಿಮ್ಮಣ್ಣಂಗೆ ಜಾಸ್ತಿಯಾಗಿದೆಯಂತೆ."

ಮುಳಬಾಗಿಲಿನಲ್ಲಿ ಇಳಿದು ಓಡಿ ಮನೆ ಮುಟ್ಟುವಾಗ ಗಂಡಸರು ಖಬರಸ್ತಾನದಿಂದ ಹಿಂದಿರುಗುತ್ತಿದ್ದರು. ಅವರ ಕೈಗಳಲ್ಲಿ ಇನ್ನೂ ಮಣ್ಣಿತ್ತು. ಜಾನ್ ಪಾಷಾ ಬೆಳಗಿನ ಜಾವವೇ ತೀರಿಕೊಂಡಿದ್ದ. ಮಧ್ಯಾಹ್ನದ ನಮಾಜಿಗೆ ಎತ್ತಬೇಕಿದ್ದ ಜನಾಜಾವನ್ನು ತಮ್ಮ ಬರುತ್ತಾನೆಂದು ಇಳಿಹೊತ್ತಿನ ಅಸರ್ ನಮಾಜಿನವರೆಗೆ ಕಾಯಿಸಿದ್ದರು.

"ಹತ್ತೂವರೆಗೇ ಬಂದು ಹೇಳಿದೆನಲ್ಲ!" ಎಂದು ಬಷೀರಾಳ ತಮ್ಮ ಎಲ್ಲರೆದುರು ಕೂಗಿದ. "ಈಗಲೇ ಕಳಿಸ್ತೀನಿ, ನೀನು ನಡಿ ಅಂದ ನಿಮ್ಮ ಯಜಮಾನ. ನಾನು ಬಸ್ಸಿಗೆ ಕಾಯ್ತಾ ನಿಂತಿದ್ರೆ ನಿನ್ನ ಕ್ಲಾರಿನೆಟ್ ಕೇಳಿಸ್ತಿತ್ತು. ಭಾಯ್ ಹಾಡನ್ನೇ ಊದ್ತಿದ್ದೆ. ನಿಂಗೆ ಮನಸ್ಸಾದ್ರೂ ಹೇಗೆ ಬಂತು?"

ಓಬೇದುಲ್ಲಾ ಕ್ಲಾರಿನೆಟ್ಟಿನ ಚೀಲವನ್ನು ಬೆನ್ನ ಹಿಂದೆ ಸರಿಸಿದ. ಬಾಗಿಲ ಪರದೆಯ ಹಿಂದೆ ಬಷೀರಾಳ ಅಳು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಮೂರನೇ ದಿನ ಅವನು ಯಜಮಾನನ ಮನೆಗೆ ಹೋದ. ಡ್ರಮ್ಮಿನ ಮುನಿರಾಮಪ್ಪ ಜಗಲಿಯ ಮೇಲಿದ್ದವನು ಅವನ ಮುಖ ಕಂಡು ಎದ್ದು ನಿಂತ.

"ನಿಮಗೆ ಗೊತ್ತಿತ್ತಾ ಅಣ್ಣಾ?" ಎಂದು ಓಬೇದುಲ್ಲಾ ಕೇಳಿದ.

ವೆಂಕಟರಮಣಪ್ಪ ಸುಳ್ಳು ಹೇಳಲಿಲ್ಲ. "ಗೊತ್ತಿತ್ತು. ಮದುವೆ ಚಪ್ಪರದಲ್ಲಿ ನಿಂತು ಸಾವಿನ ಸುದ್ದಿ ಹೇಳೋಕಾಗುತ್ತೇನಪ್ಪ? ಗಂಡು ಚಪ್ಪರದ ಬಾಗಿಲಲ್ಲಿದ್ದ. ನೀನು ಅಲ್ಲೇ ಅತ್ತು ಬಿದ್ದಿದ್ರೆ ಆ ಹೆಣ್ಣಿಗೆ ಜೀವಮಾನವೆಲ್ಲಾ ಅಪಶಕುನದ ಮಾತು ಅಂಟ್ಕೊಳ್ತಿತ್ತು. ಹೋದೋನು ಹೋಗಿದ್ದ."

"ಆ ಹಾಡು ಯಾಕೆ ಊದಿಸಿದ್ರಿ?"

"ಅವನಿಗೆ ಅದಾದ್ರೂ ಸಲ್ಲಲಿ ಅಂತ."

"ನಂಗೆ ಹೇಳದೇ?"

ಮುನಿರಾಮಪ್ಪ ನಡುವೆ ಬಂದು, "ಪೋನಿಲೇರಾ ಓಬೇದು, ಬಿಟ್ಟಾಕು," ಎಂದು ತೋಳು ಹಿಡಿದ. ಓಬೇದುಲ್ಲಾ ಕೊಡವಿಕೊಂಡು ಹೊರಬಂದ.

ನೇರ ಅಣ್ಣನ ಮನೆಗೆ ಹೋಗಿ, ಗಂಡ ತೀರಿದ ಮೇಲಿನ ಇದ್ದತ್ತಿನಲ್ಲಿ ಹೊರಬರದೆ ಕೂತಿದ್ದ ಅತ್ತಿಗೆಗೆ ಪರದೆಯ ಆಚೆಯಿಂದಲೇ ಎಲ್ಲವನ್ನೂ ಹೇಳಿದ. ಒಳಗಿನಿಂದ "ಆಯ್ತು" ಎಂಬ ಒಂದೇ ಮಾತು ಬಂತು. ನಂಬಿದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಎರಡನೇ ಸಲ ಕೇಳುವ ಧೈರ್ಯ ಬರಲಿಲ್ಲ.

ಅವನು ಸೆಟ್ಟು ಬಿಟ್ಟ. ಹೆದ್ದಾರಿಯ ನಂಗಲಿಯಲ್ಲಿ ಲಾರಿಗಳ ಸೀಟು ಹೊಲಿಯುವ ಅಂಗಡಿಯಲ್ಲಿ ಕೆಲಸ ಕಲಿತು, ಕ್ರಮೇಣ ತನ್ನದೇ ಒಂದು ಹಾಕಿಕೊಂಡ. ಮದುವೆಯಾಗಲಿಲ್ಲ. ಕ್ಲಾರಿನೆಟ್ಟು ಟ್ರಂಕಿನ ತಳ ಸೇರಿತು. ಆಂಧ್ರದ ಕಡೆಯಿಂದ ಬರುವ ಲಾರಿ ಡ್ರೈವರುಗಳು ಅಪರೂಪಕ್ಕೆ ಆ ಹಾಡನ್ನು ಗುನುಗುತ್ತಿದ್ದರು. ಆಗೆಲ್ಲ ಅವನು ಸೂಜಿ ಕೆಳಗಿಟ್ಟು, ಬೀಡಿ ನೆಪ ಮಾಡಿಕೊಂಡು ರಸ್ತೆಯಾಚೆ ಹೋಗಿ ನಿಲ್ಲುತ್ತಿದ್ದ. ಅಣ್ಣನ ನೆನಪಾದರೆ ತಡೆದುಕೊಳ್ಳಬಹುದಿತ್ತು. ಆ ಹಾಡಿನಲ್ಲಿ ಅವನಿಗೆ ನೆನಪಾಗುತ್ತಿದ್ದುದು ಅಂದಿನ ತನ್ನ ಹೆಮ್ಮೆ. ಅಣ್ಣನ ಮೈ ತೊಳೆಯುವ ಹೊತ್ತಿನಲ್ಲಿ ತಾನು ಎದೆಯುಬ್ಬಿಸಿಕೊಂಡು ನಡೆಯುತ್ತಿದ್ದೆನಲ್ಲ ಎಂಬುದು.

ಹಬ್ಬಕ್ಕೆ ಮುಳಬಾಗಿಲಿಗೆ ಹೋಗುತ್ತಿದ್ದ. ಮೆಹರ್ ಬಾನುವಿಗೆ ಬಟ್ಟೆ ಕೊಟ್ಟು, ಹಜಾರದಲ್ಲಿ ಕೂತು ಚಹಾ ಕುಡಿದು ಎದ್ದು ಬರುತ್ತಿದ್ದ. ಬಷೀರಾ ಮಾತಾಡುತ್ತಿದ್ದಳು, ಆದರೆ ಎಷ್ಟು ಬೇಕೋ ಅಷ್ಟು.

ಹೀಗೆ ಹದಿಮೂರು ವರ್ಷ ಕಳೆಯಿತು. ಎಂಬತ್ತಾರರಲ್ಲಿ ಮೆಹರ್ ಬಾನುವಿಗೆ ಕೋಲಾರದ ಕಡೆ ಗಂಡು ಗೊತ್ತಾಯಿತು. ನಿಕಾಹ್‌ಗೆ ಹತ್ತು ದಿನವಿರುವಾಗ ಓಬೇದುಲ್ಲಾ ಹೊಸ ಗಾದಿ ಹೊಲಿದು ತೆಗೆದುಕೊಂಡು ಹೋದ. ಬಷೀರಾ ಒಳಗೆ ಅಕ್ಕಿ ಆರಿಸುತ್ತಿದ್ದಳು. ಹುಡುಗಿ ಚಹಾ ತಂದಿಟ್ಟು, ಹೋಗದೆ ಅಲ್ಲೇ ಕೂತಳು.

"ಚಾಚಾ, ಒಂದು ಕೇಳ್ತೀನಿ. ಇಲ್ಲ ಅನ್ಬಾರ್ದು. ನಾನು ಮನೆ ಬಿಡೋ ಹೊತ್ತಲ್ಲಿ ಅಬ್ಬಾ ಹಾಡು ಊದ್ಬೇಕು ನೀವು."

ಓಬೇದುಲ್ಲಾ ಲೋಟ ಕೆಳಗಿಟ್ಟ. "ಅದೊಂದು ಬೇಡ ಬೇಟಿ. ಬೇರೆ ಏನಾದ್ರೂ ಕೇಳು."

"ಅಬ್ಬಾ ಮುಖ ನಂಗೆ ಸರಿಯಾಗಿ ನೆನಪಿಲ್ಲ ಚಾಚಾ. ಅವರು ಮಲಗಿದ್ದು, ನೀವು ಊದ್ತಿದ್ದು, ಅವರು ಬೆರಳಲ್ಲಿ ನನ್ನ ಬೆನ್ನ ಮೇಲೆ ತಾಳ ಹಾಕ್ತಿದ್ದು, ಅಷ್ಟೇ ಇರೋದು ನನ್ನ ಹತ್ರ."

ಹುಡುಗಿ ದನಿ ತಗ್ಗಿಸಿದಳು. "ಆವತ್ತಿಂದು ನಂಗೊತ್ತು. ಮಾಮು ಹೇಳಿದಾರೆ. ಸುದ್ದಿ ಗೊತ್ತಾದ ಮೇಲೂ ನೀವು ಊದ್ತಿದ್ರಂತೆ. ಎಲ್ರೂ ನಿಮ್ಮನ್ನ ಬೈತಾರೆ. ನಾನು ಮಾತ್ರ ಬೈದಿಲ್ಲ. ಇಲ್ಲಿಗೆ ಬಂದು ಅಳೋದಕ್ಕಿಂತ ಅಲ್ಲೇ ನಿಂತು ಅಬ್ಬಾನ ಅವರ ಹಾಡಿನಲ್ಲೇ ಕಳಿಸಿಕೊಟ್ರಿ ನೀವು, ಅಲ್ವಾ?"

ಓಬೇದುಲ್ಲಾ ಅವಳ ಮುಖ ನೋಡಿದ. ಹತ್ತೊಂಬತ್ತರ ಹುಡುಗಿ, ಅಷ್ಟು ವರ್ಷ ತನ್ನ ಚಾಚಾನನ್ನು ಹೀಗೆ ಕಾಪಾಡಿಕೊಂಡು ಬಂದಿದ್ದಳು. ಹೌ ಎಂದರೆ ಮುಗಿಯಿತು. ಅವಳು ಗಂಡನ ಮನೆಗೆ ಆ ಕಥೆಯನ್ನೇ ಕೊಂಡುಹೋಗುತ್ತಿದ್ದಳು, ಮಕ್ಕಳಿಗೂ ಅದನ್ನೇ ಹೇಳುತ್ತಿದ್ದಳು. ಹೌ ಎನ್ನಲು ಬಾಯಿಯನ್ನೂ ತೆರೆದ.

"ಇಲ್ಲ ಬೇಟಿ," ಎಂದ. "ನಂಗೆ ಗೊತ್ತಿರ್ಲಿಲ್ಲ. ಯಜಮಾನ ಮುಚ್ಚಿಟ್ಟಿದ್ದ. ಭಾಯ್ ಇದಾರೆ ಅಂತಲೇ ಊದಿದೆ. ಚೆನ್ನಾಗಿ ಬಂತು ಅಂತ ಖುಷಿಯಾಗಿದ್ದೆ. ಮನೆಗೆ ಬಂದು ಅವರಿಗೆ ಹೇಳ್ಬೇಕು ಅಂತಿದ್ದೆ."

ಮೆಹರ್ ಬಾನುವಿನ ಮುಖ ಬಾಡಿತು. ಅವಳು ಸೆರಗಿನ ಅಂಚು ಬಾಯಿಗೊತ್ತಿಕೊಂಡಳು. ಒಳಗೆ ಮೊರದ ಸದ್ದು ನಿಂತಿತ್ತು. ಬಷೀರಾ ಬಾಗಿಲಿಗೆ ಬಂದು ನಿಂತಿದ್ದಳು.

"ಆವತ್ತು ಪರದೆ ಆಚೆ ನಿಂತು ಇದನ್ನೇ ಹೇಳಿದ್ದೆ ನೀನು," ಎಂದಳು. "ನಾನು ನಂಬಲಿಲ್ಲ. ನಂಬಿಬಿಟ್ಟಿದ್ರೆ ಬೈಯೋಕೆ ನಂಗೆ ಯಾರೂ ಇರ್ತಿರ್ಲಿಲ್ಲ. ಆ ಯಜಮಾನ ಯಾರೋ, ಎಲ್ಲಿಯೋನೋ. ನೀನು ಮನೆಯೋನು."

"ಈಗ ನಂಬ್ತೀರಾ ಭಾಭಿ?"

"ಮಗು ಅಷ್ಟು ಒಳ್ಳೇ ಮಾತು ನಿನ್ನ ಬಾಯಿಗೇ ಇಟ್ಳು. ಅದನ್ನೂ ನೀನು ಬೇಡ ಅಂದೆ. ಸುಳ್ಳು ಹೇಳೋನು ಹಾಗೆ ಮಾಡಲ್ಲ." ಅವಳು ಕೈಗಂಟಿದ ಅಕ್ಕಿಯ ಧೂಳನ್ನು ಸೆರಗಿಗೆ ಒರೆಸಿಕೊಂಡಳು. "ಅವಳಿಗೆ ಬೇಕಿದ್ರೆ ಊದು. ನನ್ನ ಕೈಲಿ ಕೇಳೋಕಾಗಲ್ಲ. ನಾನು ಒಳಗಿರ್ತೀನಿ."

ಟ್ರಂಕಿನಿಂದ ತೆಗೆದಾಗ ಕ್ಲಾರಿನೆಟ್ಟಿನ ತೂತು ಮುಚ್ಚುವ ಮೆತ್ತೆಗಳನ್ನು ಹುಳ ತಿಂದಿತ್ತು. ಓಬೇದುಲ್ಲಾ ಮುನಿರಾಮಪ್ಪನನ್ನು ಹುಡುಕಿಕೊಂಡು ಹೋದ. ಮುದುಕ ಎರಡು ದಿನ ಕೂತು ಮೆತ್ತೆ ಕೂರಿಸಿ, ಎಲ್ಲಿಂದಲೋ ಊದುವ ಬಾಯಿಗೆ ಹೊಸ ರೀಡು ತಂದುಕೊಟ್ಟ. "ಯಜಮಾನ್ರಿಗೆ ಈಗ ಕಣ್ಣು ಕಾಣಲ್ಲ. ಒಂದ್ಸಲ ನೋಡ್ಕೊಂಡು ಹೋಗೋ," ಎಂದ. ಓಬೇದುಲ್ಲಾ ತಲೆಯಾಡಿಸಿದ. ಆದರೆ ಹೋಗಲಿಲ್ಲ. ಆ ಬೀದಿಯ ಬಾಯಿಯವರೆಗೆ ಹೋಗಿ, ಕಾಲು ಬರದೆ ತಿರುಗಿ ನಂಗಲಿಯ ಬಸ್ಸು ಹತ್ತಿದ.

ನಿಕಾಹ್ ಮುಗಿದು ಹೆಣ್ಣನ್ನು ಕಳಿಸಿಕೊಡುವಾಗ ಬಿಸಿಲು ಇಳಿಯುತ್ತಿತ್ತು. ಹೂವಿನ ಸರ ಕಟ್ಟಿದ ಕಾರು ಬಾಗಿಲಲ್ಲಿ ನಿಂತಿತ್ತು. ಓಬೇದುಲ್ಲಾ ಗೋಡೆಗೆ ಒರಗಿ ಊದತೊಡಗಿದ. ಹದಿಮೂರು ವರ್ಷದಲ್ಲಿ ತುಟಿಯ ಕಸುವು ಹೋಗಿತ್ತು. ಮೊದಲ ಸಾಲಿನಲ್ಲೇ ರೀಡು ಕಿರುಚಿತು. ಗಂಡಿನ ಕಡೆಯ ಮಕ್ಕಳು ನಕ್ಕರು. ಅವನು ನಿಲ್ಲಿಸಲಿಲ್ಲ. ಉಸಿರು ಕಟ್ಟಿದ ಕಡೆ ನಿಂತು, ಎಳೆದುಕೊಂಡು, ಮತ್ತೆ ಮುಂದುವರಿದ. ಕಾರಿನೊಳಗೆ ಮೆಹರ್ ಬಾನು ಮುಸುಕಿನ ತಲೆಯನ್ನು ಕಿಟಕಿಗೆ ಆನಿಸಿಕೊಂಡಿದ್ದಳು. ಅವಳ ಹೆಗಲುಗಳು ಕುಲುಕುತ್ತಿದ್ದವು. ಹಾಡು ಮುಗಿಯುವವರೆಗೆ ಕಾರು ಹೊರಡಿಸಬೇಡಿ ಎಂದು ಅವಳು ಹೇಳಿದ್ದಳೆಂದು ಅವನಿಗೆ ಆಮೇಲೆ ಗೊತ್ತಾಯಿತು.

ಕಾರು ತಿರುವಿನಲ್ಲಿ ಮರೆಯಾಯಿತು. ಜನ ಚದುರಿದರು. ಕ್ಲಾರಿನೆಟ್ ಒರೆಸುತ್ತಾ ಅವನು ತಿರುಗಿ ನೋಡಿದರೆ ಬಷೀರಾ ಬಾಗಿಲ ಪಡಿ ಹಿಡಿದುಕೊಂಡು ನಿಂತಿದ್ದಳು.

"ಕೇಳಿದ್ರಾ ಭಾಭಿ?"

"ಇಲ್ಲ," ಎಂದಳು ಬಷೀರಾ. ಪಡಿ ಬಿಟ್ಟು, "ನಡುವೆ ಎರಡು ಕಡೆ ತಪ್ಪಿದೆ," ಎಂದು ಹೇಳಿ, ಅಳು ತಡೆಯಲಾರದೆ ಒಳಗೆ ಹೋದಳು.