ಉಡಿ ತುಂಬಿ ಕಳಿಸಿದ ದೇವಿ

ಹೊಸ್ತಿಲಿಗೆ ಅಡ್ಡವಾಗಿ ಕೂತಿದ್ದ ಸಂಗವ್ವ ಏಳಲಿಲ್ಲ.

“ಮುಂದಿನ ಮನಿಗಿ ಹೋಗ್ರಿ ರಾಯರ. ನನ್ನ ಮಗಳಿಗಿ ಸಣ್ಣಾಕಿದ್ದಾಗನ ದೇವಿ ಹಾಕಿಸೇನಿ. ಒಮ್ಮೆ ಆತು, ಮುಗೀತು.”

ದೇವಿ ಹಾಕಲು, ಎಂದರೆ ಸಿಡುಬಿನ ಲಸಿಕೆ ಚುಚ್ಚಲು, ಧಾರವಾಡದಿಂದ ಗರಗಕ್ಕೆ ಸೈಕಲ್ ತುಳಿದು ಬಂದಿದ್ದ ಪಂಢರಿನಾಥರಾಯರು ಸೂಜಿಯ ಪೆಟ್ಟಿಗೆಯನ್ನು ಕಟ್ಟೆಯ ಮೇಲಿಟ್ಟು ಬೆವರು ಒರೆಸಿಕೊಂಡರು. ಸಿಡುಬು ಆಗಲೇ ಹಿಂದಿನ ಓಣಿಗೆ ಬಂದಿತ್ತು. ಬೆಳಗಿನಿಂದ ಅವರ ಮುಖಕ್ಕೆ ಬಾಗಿಲು ಹಾಕಿಕೊಂಡವರೇ ಹೆಚ್ಚು. ಸಂಗವ್ವ ಬಾಗಿಲನ್ನೂ ಹಾಕಿರಲಿಲ್ಲ. ತಾನೇ ಅಡ್ಡ ಕೂತಿದ್ದಳು.

“ಆಗ ಹಾಕಿದ್ದರ ಶಕ್ತಿ ಈಗ ಉಳಿದಿರಂಗಿಲ್ಲ, ಸಂಗವ್ವಾ. ಮತ್ತೊಮ್ಮೆ ಹಾಕಬೇಕಾಗ್ತದ.”

“ಯಾರ ಶಕ್ತಿ? ಆ ನಮ್ಮ ದೇವೀದೇನು?” ಸಂಗವ್ವನ ದನಿ ಏರಿತು. “ಆವಾಗ ಮಗಳ ತೋಳಿನ ಗುಳ್ಳಿ ಒಣಗೂತನಕ ಮನ್ಯಾಗ ಒಗ್ಗರಣಿ ಹಾಕಿಲ್ಲ. ಹೋಳಿಗಿ ಮಾಡಿ, ಹಸರು ಖಣ ಇಟ್ಟು ಉಡಿ ತುಂಬಿ, ಊರ ಸೀಮಿತನಕ ಹೋಗಿ ಆಕೀನ ಕಳಿಸಿ ಬಂದೇನಿ. ಇನ್ನ ಈ ಕಡಿ ತಿರುಗಿ ನೋಡಬ್ಯಾಡ ಯವ್ವಾ ಅಂತ ಕೈ ಮುಗದೇನಿ. ಈಗ ನೀವು ಅಂದ್ರಂತ ಮತ್ತ ಕರೀಲೇನು? ಆಕಿಗಿ ಸಿಟ್ಟು ಬಂದ್ರ ಅಡ್ಡ ನಿಂದರಾಕ ನೀವು ಬರ್ತೀರೇನು?”

ಅವಳ ಮೊದಲ ಮಗನನ್ನು ಸಿಡುಬು ಒಯ್ದಿತ್ತು. ಉಳಿದವಳು ಕಾಳವ್ವ ಒಬ್ಬಳೇ. ಇದು ತಿಳಿಯದ ರಾಯರು ಸರಕಾರದ ಹುಕುಮಿನ ಮಾತು ತೆಗೆದರು.

“ಹುಕುಮು ನಿಮ್ಮ ಕಚೇರ್ಯಾಗ ಇರಲಿ. ಈ ಹೊಸ್ತಿಲ ನಂದು.”

ಒಳಗೆ ತಿರುಗುತ್ತಿದ್ದ ಚರಕ ನಿಂತಿತು. ಕಾಳವ್ವ ಹೊರಗೆ ಬಂದಳು. ಗಂಡನ ಹೊಡೆತ ತಾಳಲಾರದೆ ಹೋದ ವರ್ಷ ರಾಯಾಪುರದಿಂದ ತವರಿಗೆ ತಿರುಗಿ ಬಂದವಳು. ಓಣಿಯೆಲ್ಲ ಆಡಿಕೊಂಡಾಗ ಇದೇ ಹೊಸ್ತಿಲ ಮೇಲೆ ನಿಂತು ಅವರ ಬಾಯಿ ಮುಚ್ಚಿಸಿದವಳು ಸಂಗವ್ವನೇ.

“ಯವ್ವಾ, ನನಗೂ ಉಡಿ ತುಂಬೇ ಕಳಿಸಿದ್ದಿ. ಗಂಡನ ಮನ್ಯಾಗ ಬಾಳು, ಈ ಕಡಿ ತಿರುಗಿ ನೋಡಬ್ಯಾಡ ಅಂದಿದ್ದಿ. ನಾ ಬರಲಿಲ್ಲೇನು? ಬಂದಾಕೀನ ನೀ ಒಳಗ ಕರಕೊಳ್ಳಲಿಲ್ಲೇನು?” ಎಂದವಳು ಕುಬಸದ ತೋಳು ಮೇಲೆ ಸರಿಸಿದಳು. “ಆ ದೇವಿನೂ ಬರಲಿ. ನಾ ಹಾಕಿಸ್ಕೋತೇನಿ.”

ಸಂಗವ್ವ ಎದ್ದಳು. ಮಗಳಿಗೆ ಹೊಡೆದೇಬಿಟ್ಟಳು ಎಂದುಕೊಂಡರು ರಾಯರು. ಅವಳು ಮಗಳ ರಟ್ಟೆ ಹಿಡಿದು ತನ್ನ ಬೆನ್ನ ಹಿಂದಕ್ಕೆ ಎಳೆದುಕೊಂಡಳು. ಕುಬಸದ ತೋಳೇರಿಸಿ ತನ್ನ ರಟ್ಟೆಯನ್ನೇ ಮುಂದೆ ಚಾಚಿದಳು.

“ಮೊದಲ ನನಗ ಹಾಕ್ರಿ. ಆಕಿಗಿ ಸಿಟ್ಟಿದ್ರ ನನ್ನ ಮ್ಯಾಲ ತೀರಿಸ್ಕೊಳ್ಳಲಿ.”

ರಾಯರು ಸೂಜಿ ಕಾಸಿ, ಆರಿಸಿ, ತೋಳಿನ ಮೇಲೆ ಬಗ್ಗಿದರು. ಸಂಗವ್ವ ಅತ್ತ ನೋಡಲಿಲ್ಲ. ಊರ ಸೀಮೆಯಿಂದ ಬರುವ ದಾರಿಯನ್ನೇ ದಿಟ್ಟಿಸುತ್ತ, ಇನ್ನೊಂದು ಕೈಯಿಂದ ಮಗಳನ್ನು ಹಿಂದಕ್ಕೆ ಒತ್ತಿ ಹಿಡಿದು ನಿಂತಿದ್ದಳು.